ಕೆಂಟ್ ಕಣಿವೆಯಲ್ಲಿ ಬ್ಯಾಟಿಗೊಂದು ತಕ್ಕಡಿ

ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ಸಾಗಿದರೆ ಕೆಂಟ್ ಎಂಬ ಊರು ಸಿಗುತ್ತದೆ. ಗ್ರೀನ್ ನದಿ ಬಳಸಿ ಹರಿಯುವ ಮಟ್ಟಸವಾದ ಕಣಿವೆ. ಆಕಾಶ ತಿಳಿಯಾದ ದಿನ ಆಗ್ನೇಯಕ್ಕೆ 4,392 ಮೀಟರ್ ಎತ್ತರದ ರೇನಿಯರ್ ಪರ್ವತ ಹಿಮ ಹೊದ್ದು ನಿಂತಿರುವುದು ಕಾಣುತ್ತದೆ. ಆದರೆ ಚಳಿಗಾಲದಲ್ಲಿ ಅಂಥ ದಿನಗಳು ಕಡಿಮೆ. ನವೆಂಬರಿನಿಂದ ಫೆಬ್ರವರಿಯವರೆಗೆ ಇಲ್ಲಿ ಮೋಡ ಕವಿದ ಆಕಾಶ, ಬಿಟ್ಟೂ ಬಿಡದ ಜಿನುಗು ಮಳೆ. ಡಿಸೆಂಬರಿನಲ್ಲಂತೂ ಸಂಜೆ ನಾಲ್ಕೂವರೆಗೆಲ್ಲ ಕತ್ತಲು.

ಒಂದು ಕಾಲಕ್ಕೆ ಇದು ರೈತರ ಕಣಿವೆ. ನದಿ ತಂದು ಹಾಕಿದ ಕಪ್ಪು ಮಣ್ಣಿನಲ್ಲಿ ಹೈನುಗಾರಿಕೆ ಬೆಳೆಯಿತು. ಅಮೆರಿಕದ ಮನೆಮಾತಾದ ಕಾರ್ನೇಷನ್ ಡಬ್ಬಿ ಹಾಲು ಮೊದಲು ತಯಾರಾದದ್ದು 1899ರಲ್ಲಿ, ಇದೇ ಕೆಂಟಿನಲ್ಲಿ. ಆಮೇಲೆ ಲೆಟ್ಯೂಸ್ ಸೊಪ್ಪಿನ ಬೆಳೆಗೆ ಊರು ಹೆಸರಾಯಿತು. ಆ ಹೊಲಗಳಲ್ಲಿ ದುಡಿದವರಲ್ಲಿ ಜಪಾನಿನಿಂದ ವಲಸೆ ಬಂದ ಕುಟುಂಬಗಳು ಬಹಳ. ಅವರ ಮಕ್ಕಳು ಕೆಲಸ ಮುಗಿಸಿ ಬೇಸ್‌ಬಾಲ್ ಆಡುತ್ತಿದ್ದರು, ತಂಡ ಕಟ್ಟಿಕೊಂಡಿದ್ದರು. 1942ರಲ್ಲಿ, ಯುದ್ಧದ ಕಾಲದಲ್ಲಿ, ಸರ್ಕಾರ ಆ ಕುಟುಂಬಗಳನ್ನೆಲ್ಲ ಹೊಲಮನೆ ಬಿಡಿಸಿ ಶಿಬಿರಗಳಿಗೆ ಅಟ್ಟಿತು. ಅನೇಕರು ಮತ್ತೆ ಈ ಕಣಿವೆಗೆ ಮರಳಲಿಲ್ಲ.

1962ರಲ್ಲಿ ನದಿಯ ಮೇಲ್ಭಾಗದಲ್ಲಿ ಅಣೆಕಟ್ಟು ಎದ್ದಿತು. ವರ್ಷ ವರ್ಷ ನುಗ್ಗುತ್ತಿದ್ದ ನೆರೆ ನಿಂತಿತು. ಅದರೊಂದಿಗೆ ಬೇಸಾಯವೂ ಹಿಂದೆ ಸರಿಯಿತು. ಹೊಲವಿದ್ದಲ್ಲಿ ಬೋಯಿಂಗ್ ಕಂಪನಿಯ ಅಂತರಿಕ್ಷ ಕೇಂದ್ರ ಬಂತು. 1971 ಮತ್ತು 1972ರಲ್ಲಿ ಅಪೊಲೊ ಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ಬಂಡಿಗಳು ಕೆಂಟಿನಲ್ಲಿ ತಯಾರಾದವು. ಇಂದು ಕಣ್ಣು ಹಾಯಿಸಿದಷ್ಟೂ ಉಗ್ರಾಣಗಳು, ಸಾಲುಗಟ್ಟಿದ ಲಾರಿಗಳು.

ಅಂಥದೇ ಉಗ್ರಾಣಗಳ ನಡುವೆ ಒಂದು ವಿಚಿತ್ರ ಗರಡಿ ಇದೆ. ಒಳಗೆ ಬಲೆ ಕಟ್ಟಿದ ಉದ್ದುದ್ದ ಅಂಕಣಗಳು, ಗೋಡೆಗಳಲ್ಲಿ ಕ್ಯಾಮೆರಾಗಳು, ಎಲ್ಲೆಲ್ಲೂ ಕಂಪ್ಯೂಟರ್ ಪರದೆಗಳು. ಹೊರಗೆ ಮಳೆ ಸುರಿಯುತ್ತಿರುವಾಗ ಒಳಗೆ ಬ್ಯಾಟು ಚೆಂಡಿಗೆ ತಾಗುವ ಸದ್ದು ಪಟಾಕಿಯಂತೆ ಕೇಳುತ್ತಿರುತ್ತದೆ. ಇದು ಡ್ರೈವ್‌ಲೈನ್ ಬೇಸ್‌ಬಾಲ್. ಕಟ್ಟಿದವರು ಕೈಲ್ ಬಾಡಿ. ಕಾಲೇಜನ್ನು ಅರ್ಧಕ್ಕೆ ಬಿಟ್ಟವರು, ವೃತ್ತಿಪರ ಬೇಸ್‌ಬಾಲ್ ಆಡಿದವರೇ ಅಲ್ಲ. ಮೊದಲು ಚೆಂಡು ಎಸೆಯುವ ಪಿಚರ್‌ಗಳಿಗೆ ಪಾಠ ಹೇಳಿ ಹೆಸರಾದ ಈ ಸಂಸ್ಥೆ ಆಮೇಲೆ ಬ್ಯಾಟುಗಾರರ ಕಡೆಗೂ ತಿರುಗಿತು.

ಕಾಲು ಸೆಕೆಂಡಿನ ತೀರ್ಮಾನ

ಕ್ರಿಕೆಟ್ ನೋಡಿ ಬೆಳೆದವರಿಗೆ ಬೇಸ್‌ಬಾಲ್ ಬ್ಯಾಟಿಂಗ್ ಮೊದಲ ನೋಟಕ್ಕೆ ಸಲೀಸೆನ್ನಿಸುತ್ತದೆ. ಚೆಂಡು ನೆಲಕ್ಕೆ ಪುಟಿಯುವುದಿಲ್ಲ, ಬೀಸಿದರಾಯಿತು ಎನ್ನಿಸುತ್ತದೆ. ಲೆಕ್ಕ ಹಾಕಿದರೆ ಬೆವರು ಬರುತ್ತದೆ. ಪಿಚರ್ ನಿಲ್ಲುವ ದಿಬ್ಬದಿಂದ ಬ್ಯಾಟುಗಾರನ ಮುಂದಿನ ಹೋಮ್ ಪ್ಲೇಟಿಗೆ 60 ಅಡಿ 6 ಅಂಗುಲ. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಆ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. ಬ್ಯಾಟು ಬೀಸಲಿಕ್ಕೇ ಸರಿಸುಮಾರು 0.15 ಸೆಕೆಂಡು ಬೇಕು. ಬರುವ ಚೆಂಡು ನೇರವೋ ಬಾಗುವುದೋ, ಹೊಡೆಯಬೇಕೋ ಬಿಡಬೇಕೋ ಎಂದು ನಿರ್ಧರಿಸಲು ಉಳಿಯುವುದು ಕಾಲು ಸೆಕೆಂಡು. ಬ್ಯಾಟು ಚಪ್ಪಟೆಯಲ್ಲ, ಒನಕೆಯಂತೆ ದುಂಡಗೆ. ಗುಂಡನೆಯ ಚೆಂಡಿಗೆ ಗುಂಡನೆಯ ಕೋಲು ಸರಿಯಾಗಿ ತಾಗಬೇಕು. ಹತ್ತರಲ್ಲಿ ಮೂರು ಸಲ ಗೆದ್ದವನು ಇಲ್ಲಿ ಶ್ರೇಷ್ಠ ಆಟಗಾರ.

ಪಾದಚಲನೆಯಂತೂ ಇನ್ನೂ ಸೂಕ್ಷ್ಮ. ಕ್ರಿಕೆಟಿಗ ಚೆಂಡಿನ ಬಳಿಗೆ ಹೆಜ್ಜೆ ಹಾಕಬಲ್ಲ, ಹಿಂದೆ ಸರಿಯಬಲ್ಲ. ಬೇಸ್‌ಬಾಲ್ ಬ್ಯಾಟುಗಾರನಿಗೆ 4 ಅಡಿ ಅಗಲ, 6 ಅಡಿ ಉದ್ದದ ಚೌಕ ಬಿಟ್ಟರೆ ಜಾಗವಿಲ್ಲ. ಮುಂಗಾಲನ್ನು ಗೇಣಳತೆಯಷ್ಟು ಎತ್ತಿಡುವುದೇ ಅವನ ನಡಿಗೆ. ಆ ಗೇಣಿನಲ್ಲಿ ಆಟವೇ ಅಡಗಿದೆ.

ಶಕ್ತಿ ಬರುವುದು ನೆಲದಿಂದ

ಸೌದೆ ಒಡೆಯುವವರನ್ನು ನೋಡಿದವರಿಗೆ ಗೊತ್ತು: ಕೊಡಲಿಯ ಪೆಟ್ಟು ತೋಳಿನಿಂದಷ್ಟೇ ಬರುವುದಿಲ್ಲ, ಊರಿದ ಕಾಲಿನಿಂದ ಬರುತ್ತದೆ. ಬ್ಯಾಟಿನ ಬೀಸೂ ಹಾಗೆಯೇ. ಮೈಭಾರ ಮೊದಲು ಹಿಂಗಾಲಿನ ಮೇಲೆ ಕೂರುತ್ತದೆ. ಆಮೇಲೆ ಮುಂದಕ್ಕೆ ಸರಿಯುತ್ತದೆ. ಮುಂಗಾಲು ನೆಲಕ್ಕೆ ಊರಿ ಗೂಟದಂತೆ ಗಟ್ಟಿಯಾಗುತ್ತದೆ. ಆ ತಡೆಗೆ ಸೊಂಟ ತಿರುಗುತ್ತದೆ, ಸೊಂಟದ ಹಿಂದೆ ಎದೆ, ಎದೆಯ ಹಿಂದೆ ತೋಳು, ಕೊನೆಗೆ ಬ್ಯಾಟು. ಒಂದೊಂದು ಅಂಗವೂ ತನ್ನ ವೇಗದ ತುದಿ ಮುಟ್ಟಿ ನಿಧಾನಿಸುವಾಗ ಮುಂದಿನದಕ್ಕೆ ಶಕ್ತಿಯನ್ನು ದಾಟಿಸುತ್ತದೆ. ಚಾಟಿಯ ಹಿಡಿಕೆ ನಿಂತಾಗಲೇ ಅದರ ತುದಿ ಚಟಾರೆನ್ನುವುದು.

ಇದನ್ನು ಹಳೆಯ ಗುರುಗಳು ಕಣ್ಣಳತೆಯಲ್ಲಿ ಬಲ್ಲವರಾಗಿದ್ದರು. ಆದರೆ ಕ್ಷಣದೊಳಗೆ ಮುಗಿದುಹೋಗುವ ಬೀಸಿನಲ್ಲಿ ಸೊಂಟ ಮೊದಲು ತಿರುಗಿತೋ ಭುಜವೋ ಎಂದು ಬರಿಗಣ್ಣು ಹೇಳಲಾರದು. ಸೆನ್ಸರ್ ಎಂಬ ಸಂವೇದಕ ಹೇಳುತ್ತದೆ.

ಉಪಕರಣಗಳು ಮೂರು ಬಗೆ. ಒಂದು, ಬ್ಯಾಟಿನ ಹಿಡಿಕೆಯ ತುದಿಗೆ ಸಿಕ್ಕಿಸುವ ಪುಟ್ಟ ಬಿಲ್ಲೆ. ಅದರೊಳಗೆ ವೇಗದ ಏರಿಳಿತ ಮತ್ತು ತಿರುಗುವಿಕೆಯನ್ನು ಗ್ರಹಿಸುವ ಚಿಪ್ಪುಗಳಿರುತ್ತವೆ. ಬ್ಯಾಟಿನ ವೇಗ, ಚೆಂಡಿನತ್ತ ಅದು ಏರಿದ ಕೋನ, ಬೀಸು ಶುರುವಾಗಿ ಚೆಂಡಿಗೆ ತಾಗುವವರೆಗಿನ ಸಮಯ ಎಲ್ಲವನ್ನೂ ಅದು ಫೋನಿಗೆ ಕಳಿಸುತ್ತದೆ. ಎರಡು, ಕಾಲಡಿಯ ಫೋರ್ಸ್ ಪ್ಲೇಟುಗಳು. ನೋಡಲು ಬರಿಯ ಹಲಗೆ. ಯಾವ ಪಾದ, ಯಾವ ಕ್ಷಣದಲ್ಲಿ, ಯಾವ ದಿಕ್ಕಿಗೆ ಎಷ್ಟು ಒತ್ತಿತು ಎಂದು ತೂಗಿ ಹೇಳುತ್ತವೆ. ಮೂರು, ಮೈಗೆ ಅಂಟಿಸಿದ ಹೊಳೆಯುವ ಗುಂಡುಗಳನ್ನು ಹಿಂಬಾಲಿಸುವ ಕ್ಯಾಮೆರಾಗಳು. ಅವುಗಳಿಂದ ಪರದೆಯ ಮೇಲೆ ಆಟಗಾರನ ಅಸ್ಥಿಪಂಜರವೇ ಮೂಡಿ ಬ್ಯಾಟು ಬೀಸುತ್ತದೆ.

ರೋಗ ಆಗ ಹೆಸರು ಹಿಡಿದು ಸಿಗುತ್ತದೆ. ಒಬ್ಬನ ಮುಂಗಾಲು ಊರಿದ ಮೇಲೂ ಮಂಡಿ ಬಾಗಿಯೇ ಇರುತ್ತದೆ. ತಡೆ ಇಲ್ಲದ್ದರಿಂದ ಶಕ್ತಿ ಸೋರಿಹೋಗುತ್ತದೆ. ಇನ್ನೊಬ್ಬನ ಸೊಂಟವೂ ಭುಜವೂ ಒಟ್ಟಿಗೇ ತಿರುಗುತ್ತವೆ, ಚಾಟಿ ಕೋಲಾಗುತ್ತದೆ. ಮತ್ತೊಬ್ಬ ಬೇಗನೆ ಮುಂದಕ್ಕೆ ವಾಲುತ್ತಾನೆ. ನಿಧಾನದ ಚೆಂಡು ಬಂದರೆ ಬ್ಯಾಟು ಗಾಳಿಯಲ್ಲಿ. ಮದ್ದು ಮಾತ್ರ ಹಳೆಯದೇ: ತುಸು ಭಾರದ ಬ್ಯಾಟು, ತುಸು ಹಗುರದ ಬ್ಯಾಟು, ಸಾವಿರ ಸಲದ ಅಭ್ಯಾಸ. ಹೊಸದೆಂದರೆ, ಅಭ್ಯಾಸ ಫಲ ಕೊಟ್ಟಿತೇ ಇಲ್ಲವೇ ಎಂದು ವಾರವಾರ ತಿಳಿಯುವುದು. ಸಾಕಷ್ಟು ವಿವರಗಳನ್ನು ಸಂಸ್ಥೆ ಆಟಗಾರರ ಹೆಸರಿಲ್ಲದೆ ಸಾರ್ವಜನಿಕರ ಅಧ್ಯಯನಕ್ಕೂ ಬಿಟ್ಟುಕೊಟ್ಟಿದೆ.

ಬ್ಯಾಟಿನ ವೇಗ ಒಂದು ಮೈಲಿ ಹೆಚ್ಚಿದರೆ, ಚೆನ್ನಾಗಿ ತಾಗಿದ ಚೆಂಡು ಐದಾರು ಅಡಿ ಹೆಚ್ಚು ದೂರ ಹೋಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಬೇಲಿಯ ಬಳಿ ಕ್ಯಾಚ್ ಆಗುವುದಕ್ಕೂ ಬೇಲಿ ದಾಟಿ ಹೋಮ್ ರನ್ ಆಗುವುದಕ್ಕೂ ಅಷ್ಟೇ ಅಂತರ. ಲಾಸ್ ಏಂಜಲೀಸ್ ಡಾಜರ್ಸ್ ತಂಡದ ಮೂಕಿ ಬೆಟ್ಸ್ ಇದಕ್ಕೆ ಸಾಕ್ಷಿ. ಅದಾಗಲೇ ದೊಡ್ಡ ತಾರೆಯಾಗಿದ್ದ, ಆಳು ಅಷ್ಟೇನೂ ಎತ್ತರವಲ್ಲದ ಬೆಟ್ಸ್ 2022ರ ಋತು ಮುಗಿದ ಮೇಲೆ ಬ್ಯಾಟಿನ ವೇಗ ಹೆಚ್ಚಿಸಿಕೊಳ್ಳಲು ಡ್ರೈವ್‌ಲೈನ್‌ಗೆ ಹೋದರು. 2023ರಲ್ಲಿ ಅವರು ಹೊಡೆದದ್ದು 39 ಹೋಮ್ ರನ್; ಅವರ ಜೀವಮಾನದಲ್ಲೇ ಹೆಚ್ಚು.

ಆದರೆ ಇಲ್ಲಿಗೆ ಬರುವವರೆಲ್ಲ ಬೆಟ್ಸ್ ಅಲ್ಲ. ಕೆಳ ಲೀಗುಗಳ ಹುಡುಗರು, ಕಾಲೇಜು ತಂಡದವರು, ಶಾಲಾ ಮಕ್ಕಳೂ ಇದ್ದಾರೆ. ತಂಡದಿಂದ ಕೈಬಿಡುವ ಪಟ್ಟಿಯಲ್ಲಿ ಹೆಸರಿರಬಹುದೆಂಬ ಅಂಜಿಕೆಯಲ್ಲಿ ಚಳಿಗಾಲ ಕಳೆಯುವ ಹುಡುಗನಿಗೆ ಪರದೆಯ ಮೇಲೆ ಹೆಚ್ಚಿದ ಎರಡು ಮೈಲಿ ಬರಿಯ ಅಂಕಿಯಲ್ಲ, ಇನ್ನೊಂದು ವರ್ಷದ ಅನ್ನ.

ಅಳತೆಯ ಹಸಿವು ಹೊಸದಲ್ಲ

ಬೇಸ್‌ಬಾಲಿಗೂ ಪ್ರಯೋಗಾಲಯಕ್ಕೂ ನೂರು ವರ್ಷದ ನಂಟು. 1921ರಲ್ಲಿ ಬೇಬ್ ರೂತ್ ಅವರನ್ನು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗಕ್ಕೆ ಕರೆದೊಯ್ದು ಕಣ್ಣು, ಕಿವಿ, ಕೈಗಳ ಚುರುಕನ್ನು ಪರೀಕ್ಷಿಸಿದ್ದರು. 1941ರಲ್ಲಿ .406 ಸರಾಸರಿ ಸಾಧಿಸಿದ ಟೆಡ್ ವಿಲಿಯಮ್ಸ್ ಮುಂದೆ ತಮ್ಮ ಪುಸ್ತಕದಲ್ಲಿ ಹೊಡೆಯಬಹುದಾದ ಜಾಗವನ್ನು 77 ಚೆಂಡುಗಳಾಗಿ ವಿಂಗಡಿಸಿ, ಎಲ್ಲಿ ಬಂದ ಚೆಂಡಿಗೆ ತಮ್ಮ ಸರಾಸರಿ ಎಷ್ಟೆಂದು ಬರೆದಿಟ್ಟರು. ಸೆನ್ಸರ್ ಇಲ್ಲದ ಕಾಲದ ಸೆನ್ಸರ್ ಅದು.

ಕಾಲಿನ ಗುಟ್ಟು ಹಿಡಿದವರಲ್ಲಿ ಜಪಾನೀಯರು ಮುಂದು. ಸದಾಹರು ಓ 1962ರಲ್ಲಿ ಗುರು ಹಿರೋಷಿ ಅರಾಕಾವಾ ಅವರ ಮಾರ್ಗದರ್ಶನದಲ್ಲಿ ಕೊಕ್ಕರೆಯಂತೆ ಒಂಟಿಕಾಲಿನಲ್ಲಿ ನಿಂತು ಬ್ಯಾಟು ಬೀಸಲು ಆರಂಭಿಸಿದರು. ಸಮತೋಲ ಸಿದ್ಧಿಸಲು ಕತ್ತಿ ಹಿಡಿದು, ತೂಗುಬಿಟ್ಟ ಕಾಗದ ಕತ್ತರಿಸುವ ಅಭ್ಯಾಸ ಮಾಡಿದರು. ಒಟ್ಟು 868 ಹೋಮ್ ರನ್ ಬಾರಿಸಿದರು. ಶೋಹೆ ಒಟಾನಿ 2018ರಲ್ಲಿ ಅಮೆರಿಕಕ್ಕೆ ಬಂದಾಗ ಅಭ್ಯಾಸ ಪಂದ್ಯಗಳಲ್ಲಿ ಪರದಾಡಿದರು. ಋತುವಿನ ಹೊಸ್ತಿಲಲ್ಲಿ ಮುಂಗಾಲು ಎತ್ತುವುದನ್ನು ಬಿಟ್ಟು ಬೆರಳು ಊರಿಕೊಂಡೇ ತಿರುಗುವುದನ್ನು ರೂಢಿಸಿಕೊಂಡರು. ಆ ವರ್ಷ 22 ಹೋಮ್ ರನ್ ಹೊಡೆದು ಅಮೆರಿಕನ್ ಲೀಗಿನ ವರ್ಷದ ಹೊಸ ಆಟಗಾರರೆನಿಸಿದರು.

ಇಚಿರೊ ಎತ್ತಿದ ಮಾತು

ಕೆಂಟಿನಿಂದ ಉತ್ತರಕ್ಕೆ ಮರಳಿದರೆ ಸಿಯಾಟಲ್ ನಗರದ ಅಂಚಿನಲ್ಲಿ, ರೈಲು ಹಳಿಗಳ ಪಕ್ಕ, 1999ರಲ್ಲಿ ಕಟ್ಟಿದ ದೊಡ್ಡ ಕ್ರೀಡಾಂಗಣ. ಮಳೆ ಬಂದರೆ ಸರಿದು ಮುಚ್ಚುವ ಮಾಡು ಅದಕ್ಕಿದೆ. ಇದು ಮ್ಯಾರಿನರ್ಸ್ ತಂಡದ ಮನೆ. 2001ರಲ್ಲಿ ಇಲ್ಲಿಗೆ ಬಂದವರು ಇಚಿರೊ ಸುಝುಕಿ. ಜಪಾನಿ ರೈತರ ಮಕ್ಕಳನ್ನು ಒಂದು ಕಾಲಕ್ಕೆ ಹೊರದಬ್ಬಿದ ಸೀಮೆ ಜಪಾನಿನ ಈ ಆಟಗಾರನನ್ನು ತಲೆಯ ಮೇಲೆ ಹೊತ್ತಿತು. 2004ರ ಒಂದೇ ಋತುವಿನಲ್ಲಿ ಅವರು 262 ಹಿಟ್ ಗಳಿಸಿದ್ದು ಇಂದಿಗೂ ದಾಖಲೆ.

ಇಚಿರೊ ಅವರ ಮುಂಗಾಲು ಗಡಿಯಾರದ ಲೋಲಕದಂತೆ ತೂಗುತ್ತಿತ್ತು. ಜಪಾನಿನಲ್ಲಿ ಅವರ ಮೊದಲ ವ್ಯವಸ್ಥಾಪಕರಿಗೆ ಆ ಶೈಲಿ ಸರಿಬರಲಿಲ್ಲ. ಹುಡುಗನನ್ನು ಎರಡನೇ ತಂಡಕ್ಕೆ ಕಳಿಸಿದ್ದರು. 1994ರಲ್ಲಿ ಬಂದ ಹೊಸ ವ್ಯವಸ್ಥಾಪಕ ಅಕಿರಾ ಓಗಿ ಅವರಿಷ್ಟಕ್ಕೆ ಆಡಲು ಬಿಟ್ಟರು. ಆ ವರ್ಷ 210 ಹಿಟ್ ಬಂದವು. ಆ ಹೊತ್ತಿಗೆ ಸೆನ್ಸರುಗಳಿದ್ದಿದ್ದರೆ ಆ ಕಾಲನ್ನು ಉಳಿಸುತ್ತಿದ್ದವೋ, ತಿದ್ದುತ್ತಿದ್ದವೋ? ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. 2019ರ ಮಾರ್ಚಿನಲ್ಲಿ ಟೋಕಿಯೊದಲ್ಲಿ ನಿವೃತ್ತಿ ಘೋಷಿಸಿದ ರಾತ್ರಿ ಇಚಿರೊ, ಅಮೆರಿಕದ ಬೇಸ್‌ಬಾಲ್ ತಲೆ ಓಡಿಸದೆಯೇ ಆಡಬಹುದಾದ ಆಟವಾಗುತ್ತಿದೆ ಎಂದು ಕಳವಳಪಟ್ಟರು.

ಅಂಕಿಗಳೇ ಅವರ ಪರವಾಗಿಯೂ ಸಾಕ್ಷಿ ನುಡಿಯುತ್ತವೆ. ಕ್ರಿಕೆಟಿನಲ್ಲಿ ಎಲ್‌ಬಿಡಬ್ಲ್ಯು ತೀರ್ಪಿಗೆ ನೆರವಾಗುವ ಹಾಕ್-ಐ ಕ್ಯಾಮೆರಾಗಳು 2020ರಿಂದ ದೊಡ್ಡ ಲೀಗಿನ ಮೈದಾನಗಳಲ್ಲೆಲ್ಲ ಇವೆ. ಪಂದ್ಯದ ಹೊತ್ತಿನಲ್ಲಿ ಬ್ಯಾಟಿಗೆ ಏನನ್ನೂ ಸಿಕ್ಕಿಸದೆ ಅವು ಪ್ರತಿ ಬೀಸನ್ನೂ ಅಳೆಯುತ್ತವೆ. ಆ ವೇಗಗಳನ್ನು 2024ರ ಮೇ ತಿಂಗಳಲ್ಲಿ ಜನರ ಮುಂದಿಟ್ಟರು. ಮರುವರ್ಷ ಆಟಗಾರರ ಪಾದಗಳ ಸ್ಥಾನವನ್ನೂ ಸೇರಿಸಿದರು. ಸರಾಸರಿ ವೇಗ ಗಂಟೆಗೆ ಸುಮಾರು 72 ಮೈಲಿ, ಅಂದರೆ 116 ಕಿಲೋಮೀಟರು. ಯಾಂಕೀಸ್ ತಂಡದ ಜಿಯಾನ್‌ಕಾರ್ಲೊ ಸ್ಟಾಂಟನ್ 80 ಮೈಲಿ ದಾಟಿ ಎಲ್ಲರಿಗಿಂತ ಮೇಲೆ. ಎಲ್ಲರಿಗಿಂತ ಕೆಳಗೆ, 60ರ ಆಸುಪಾಸಿನಲ್ಲಿ, ಲೂಯಿಸ್ ಅರಾಯೆಸ್. ಆದರೆ ಇದೇ ಅರಾಯೆಸ್ 2022, 2023, 2024 ಮೂರೂ ವರ್ಷ ತಮ್ಮ ಲೀಗಿನಲ್ಲಿ ಅತಿ ಹೆಚ್ಚಿನ ಬ್ಯಾಟಿಂಗ್ ಸರಾಸರಿಯ ಕಿರೀಟ ಗೆದ್ದವರು. ವೇಗವೊಂದನ್ನೇ ನೋಡುವ ತರಬೇತುದಾರ ಅವರನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತಿದ್ದನೇನೊ! ಅವರ ಬ್ಯಾಟು ನಿಧಾನ. ಆದರೆ ಚೆಂಡಿನ ನಡುವಿಗೇ ತಾಗುತ್ತದೆ. ಇದನ್ನು ತೋರಿಸಿಕೊಟ್ಟದ್ದೂ ಅವೇ ಕ್ಯಾಮೆರಾಗಳು.

ಆದ್ದರಿಂದ ತಪ್ಪು ತಕ್ಕಡಿಯದಲ್ಲ. ಏನನ್ನು ತೂಗಬೇಕೆಂದು ಆರಿಸುವವರ ಕೈಯಲ್ಲಿದೆ ಗುಣವೂ ದೋಷವೂ. ಒಬ್ಬನ ಬೀಸನ್ನು ಅವನ ನಿನ್ನೆಯ ಬೀಸಿನ ಜೊತೆ ಹೋಲಿಸಿದರೆ ಅದು ಪಾಠ. ಎಲ್ಲರನ್ನೂ ಒಂದೇ ಅಚ್ಚಿಗೆ ಒತ್ತಿದರೆ ನಷ್ಟ.

ಈ ಪ್ರಶ್ನೆ ಬೇಸ್‌ಬಾಲಿಗೇ ಮೀಸಲಲ್ಲ. 2017ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಕ್ರಿಕೆಟ್ ಬ್ಯಾಟಿನ ತುದಿಗೆ ಏರಿದ ಸೆನ್ಸರು ಬೆಂಗಳೂರಿನ ಸ್ಪೆಕ್ಯುಲರ್ ಸಂಸ್ಥೆಯದು. 2018ರಲ್ಲಿ ಅನಿಲ್ ಕುಂಬ್ಳೆ ಅವರ ಸ್ಪೆಕ್ಟಾಕಾಮ್, ಬ್ಯಾಟಿನ ಬೆನ್ನಿಗೆ ಅಂಟಿಸುವ ಹಗುರ ಬಿಲ್ಲೆಯೊಂದನ್ನು ಮೈಕ್ರೊಸಾಫ್ಟ್ ನೆರವಿನೊಂದಿಗೆ ಹೊರತಂದಿತು. ಆ ಮೈಕ್ರೊಸಾಫ್ಟಿನ ತವರಾದ ರೆಡ್ಮಂಡ್ ಇರುವುದು ಕೆಂಟ್ ಇರುವ ಕಿಂಗ್ ಕೌಂಟಿಯಲ್ಲೇ. ಬಸವನಗುಡಿಯ ಹುಡುಗನ ಮುಂಗಾಲನ್ನೂ ನಾಳೆ ಒಂದು ಹಲಗೆ ತೂಗಿದರೆ ಅಚ್ಚರಿಯಿಲ್ಲ.

ಫೆಬ್ರವರಿ ಬರುತ್ತಿದ್ದಂತೆ ಕೆಂಟಿನ ಅಂಕಣಗಳು ಖಾಲಿಯಾಗತೊಡಗುತ್ತವೆ. ಆಟಗಾರರು ಚೀಲ ಕಟ್ಟಿಕೊಂಡು ಅರಿಝೋನದ, ಫ್ಲಾರಿಡಾದ ಬಿಸಿಲಿಗೆ, ವಸಂತದ ಅಭ್ಯಾಸ ಶಿಬಿರಗಳಿಗೆ ಹೊರಡುತ್ತಾರೆ. ಹಿಡಿಕೆಯ ಬಿಲ್ಲೆಯನ್ನು ಪಂದ್ಯಕ್ಕೆ ಮುಂಚೆ ಕಿತ್ತಿಡುತ್ತಾರೆ. ಚಳಿಗಾಲವಿಡೀ ಕಲಿತದ್ದು ಕಾಲಿನಲ್ಲಿ ಉಳಿದಿರಬೇಕು. ಪಿಚರ್ ಕೈಯಿಂದ ಚೆಂಡು ಬಿಟ್ಟ ಮೇಲೆ ಪರದೆ ನೋಡಲು ಪುರಸೊತ್ತಿಲ್ಲ. ಆ ಕಾಲು ಸೆಕೆಂಡನ್ನು ಆಟಗಾರ ಒಬ್ಬನೇ ದಾಟಬೇಕು.