ಬಣ್ಣಕ್ಕೆ ಮುಂಚೆ

ದಸರೆಗೆ ನಮ್ಮ ಮಯೂರ ವಿಹಾರದ ಮನೆಯಲ್ಲೂ ಗೊಂಬೆ ಕೂರಿಸುತ್ತೇವೆ. ಈ ಸಲ ಮಗಳು ರೆಸಿನ್‌ನ ಪುಟ್ಟ ಆನೆ, ಸೈನಿಕರನ್ನು ತರಿಸಿದ್ದಾಳೆ, ಜಂಬೂಸವಾರಿ ಮಾಡಬೇಕಂತೆ. ನವೆಂಬರಿನಲ್ಲಿ ಅವಳು ಕೆಲಸಕ್ಕೆಂದು ಜರ್ಮನಿಗೆ ಹೊರಡುತ್ತಾಳೆ, ಹಾಗಾಗಿ ಆತುರ ನನಗೇ ಹೆಚ್ಚು.

ಬಣ್ಣ ಬಳಿಯೋಣವೆಂದರೆ "ಅಪ್ಪಾ, ಮೊದಲು ತೊಳೀಬೇಕು" ಅಂದಳು. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಸವರಿದ ಜಿಡ್ಡು ಗೊಂಬೆಯ ಮೈಮೇಲೆ ಉಳಿದಿರುತ್ತದೆ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಉಗುರುಬೆಚ್ಚಗಿನ ಸೋಪುನೀರು, ಹಳೇ ಟೂತ್‌ಬ್ರಷ್ಷು. (ನಮ್ಮ ಬ್ಯಾಂಕಿನ ಕೆವೈಸಿ ಇದ್ದಂತೆ ಅನ್ನಿ!) ಅಚ್ಚಿನ ಗೆರೆಗಳನ್ನು ಉಪ್ಪುಕಾಗದದಲ್ಲಿ ಉಜ್ಜುವುದು ನನ್ನ ಪಾಲು. ನೀರು ಹಾಕಿಯೇ ಉಜ್ಜಬೇಕು, ಇಲ್ಲದಿದ್ದರೆ ಪುಡಿ ಶ್ವಾಸಕೋಶಕ್ಕೆ... ದೆಹಲಿಯಲ್ಲಿರುವವರಿಗೆ ಈಗಾಗಲೇ ಹೋಗಿರುವುದೇ ಸಾಕು!

ಪೂರ್ತಿ ಒಣಗಿದ ಮೇಲೆ ಪ್ರೈಮರ್, ತೆಳ್ಳಗೆ ಎರಡು ಸಲ. ದಪ್ಪವಾದರೆ ಆನೆಯ ಕಣ್ಣೇ ಮುಚ್ಚಿಹೋಗುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರೂ ಮರದ ಗೊಂಬೆಗೆ ಹುಣಸೆಬೀಜದ ಅಂಟಿನಲ್ಲಿ ಬಟ್ಟೆ ಹಚ್ಚಿ, ಕಲ್ಲಿನ ಪುಡಿಯ ಲೇಪ ಕೊಟ್ಟ ಮೇಲೇ ಬಣ್ಣ ಮುಟ್ಟುವುದು ಅಂದೆ. ಬ್ರಷ್ಷು ಕೆಳಗಿಟ್ಟಳು. "ಹೊರಡೋ ಮುಂಚೆ ಅಲ್ಲಿಗೊಮ್ಮೆ ಹೋಗಿಬರೋಣ್ವಾ ಅಪ್ಪಾ?"

ರಜೆಗೆ ಅರ್ಜಿ ಹಾಕಿದ್ದೇನೆ. ಎಂಟು ಸೈನಿಕರು ಬಾಲ್ಕನಿಯಲ್ಲಿ ಇನ್ನೂ ಒಣಗುತ್ತಿದ್ದಾರೆ.