ಸೀಮೆಸುಣ್ಣದ ಬಂಡೆಯ ಮೇಲೆ ಡಬ್ಬಿ ಹುಡುಕಾಟ

ಮಕ್ಕಳನ್ನು "ವಾಕಿಂಗ್ ಹೋಗೋಣ ಬನ್ನಿ" ಎಂದು ಕರೆದು ನೋಡಿ, ಸೋಫಾ ಬಿಟ್ಟು ಏಳುವುದಿಲ್ಲ. "ಯಾರೋ ಬಚ್ಚಿಟ್ಟಿರೋ ಡಬ್ಬಿ ಹುಡುಕೋಣ ಬನ್ನಿ" ಎನ್ನಿ, ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಜಿಯೋಕ್ಯಾಶಿಂಗ್ ಎಂಬ ಆಟ ಇದೇ. ಜಿಪಿಎಸ್ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಮಸುಕು ಮಾಡುತ್ತಿದ್ದ ಅಮೆರಿಕ ಸರ್ಕಾರ 2000ದ ಮೇ ತಿಂಗಳ ಮೊದಲಲ್ಲಿ ಅದನ್ನು ನಿಲ್ಲಿಸಿತು. ಒಂದೆರಡು ದಿನದಲ್ಲೇ ಆರೆಗನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬಾತ ಒಂದು ಬಕೆಟ್ಟಿನಲ್ಲಿ ಏನೇನೋ ಸಾಮಾನು ತುಂಬಿ, ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದ. ಈಗ ಜಗತ್ತಿನ ಮೂಲೆಮೂಲೆಯಲ್ಲೂ ಇಂಥ ಡಬ್ಬಿಗಳಿವೆ. ಫೋನಿನ ಆ್ಯಪ್ ಬಾಣ ತೋರಿಸುತ್ತದೆ, ನೀವು ಹುಡುಕುತ್ತೀರಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು ಇದ್ದಲ್ಲೇ ಇಟ್ಟು ಬರುತ್ತೀರಿ.

ಇಂಗ್ಲೆಂಡಿನಲ್ಲಿರುವವರು, ಅಥವಾ ರಜೆಗೆ ಇತ್ತ ಬರುವವರು, ಇದನ್ನು ಸಸೆಕ್ಸ್ ಕರಾವಳಿಯ ಬರ್ಲಿಂಗ್ ಗ್ಯಾಪ್‌ನಲ್ಲಿ ಆಡಿ ನೋಡಿ. ಪಶ್ಚಿಮಕ್ಕೆ ಸೆವೆನ್ ಸಿಸ್ಟರ್ಸ್ ಎಂಬ ಬಿಳಿ ಬಂಡೆಗಳ ಸಾಲು. ನಮ್ಮ ಹಳ್ಳಿಗಳಲ್ಲಿ ಊರಮ್ಮಂದಿರು ಏಳು ಜನ ಅಕ್ಕತಂಗಿಯರು ಎಂಬ ಕಥೆ ಉಂಟಲ್ಲ, ಅದನ್ನು ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಪೂರ್ವಕ್ಕೆ ಬೀಚಿ ಹೆಡ್. 162 ಮೀಟರ್ ಎತ್ತರದ ಅದು ಬ್ರಿಟನ್ನಿನಲ್ಲೇ ಅತಿ ಎತ್ತರದ ಸುಣ್ಣಬಂಡೆಯ ಕಡಲಂಚು. ಸಣ್ಣ ಮಕ್ಕಳಿದ್ದರೆ ಅಷ್ಟು ದೂರ ಬೇಡ. ಪೂರ್ವದ ಏರು ಹತ್ತಿ, ಸುಮಾರು ಒಂದು ಕಿಲೋಮೀಟರ್ ಆಚೆಗಿನ ಬೆಲ್ ಟೂಟ್ ಹಳೇ ದೀಪಸ್ತಂಭದವರೆಗೆ ಹೋಗಿ ಬಂದರೆ ಸಾಕು.

ಮೊದಲು ಕಾಲಡಿಯ ಕಲ್ಲನ್ನು ತೋರಿಸಿ. ಚಾಕಿಗೆ ನಾವು ಸೀಮೆಸುಣ್ಣ ಎನ್ನುತ್ತೇವೆ. ಪರದೇಶದಿಂದ ಬಂದ ಸುಣ್ಣ ಅಂತ. ಆ ಸೀಮೆಯೇ ಇದು! 8 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಕಡಲ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪು ಕೂತು ಕೂತು ಆದ ಬಂಡೆ. ನಡುನಡುವೆ ಕರಿ ಗೆರೆಯಂತೆ ಕಾಣುವುದು ಚಕಮಕಿ ಕಲ್ಲು. ಸೀಮೆಸುಣ್ಣ, ಚಕಮಕಿ ಎಂಬ ಎರಡು ಪದಗಳು ಮಕ್ಕಳ ಬಾಯಿಗೆ ಸಿಕ್ಕರೆ ದಿನವೆಲ್ಲ ಬಿಡುವುದಿಲ್ಲ. ನಮ್ಮ ಮನೆಗಳಲ್ಲಿ ಕನ್ನಡ ಅಡುಗೆಮನೆಗೆ ಸೀಮಿತವಾಗಿಬಿಟ್ಟಿದೆ ನೋಡಿ: ಬಾ, ತಿನ್ನು, ಕೈ ತೊಳಿ, ಮಲಗು. ಬಯಲಿಗೆ ಬಂದ ಕೂಡಲೇ ಮಗು ಇಂಗ್ಲಿಷಿಗೆ ಹೊರಳುವುದು ಅದಕ್ಕೇ. ಹೊರಗಿನ ಕನ್ನಡವನ್ನು ನಾವು ಕೊಟ್ಟೇ ಇಲ್ಲ.

ಈ ಬಂಡೆ ಮೆತ್ತಗೆ. ಚಳಿಗಾಲದ ಮಳೆ, ಅಲೆಗಳ ಹೊಡೆತ ಸೇರಿ ವರ್ಷವರ್ಷವೂ ಅಂಚು ಕುಸಿಯುತ್ತದೆ. ಬರ್ಲಿಂಗ್ ಗ್ಯಾಪ್‌ನ ಹಳೇ ಸಾಲುಮನೆಗಳಲ್ಲಿ ಕೆಲವನ್ನು ಅದಕ್ಕಾಗಿ ಕೆಡವಬೇಕಾಯಿತು. ಬೆಲ್ ಟೂಟ್ ದೀಪಸ್ತಂಭವನ್ನಂತೂ 1999ರಲ್ಲಿ ಇಡಿಯಾಗಿ ಎತ್ತಿ, ಹಳಿಗಳ ಮೇಲೆ ಜಾರಿಸಿ, 17 ಮೀಟರ್ ಹಿಂದಕ್ಕೆ ತಂದು ಕೂರಿಸಿದರು. ಮೇಲೆ ಹಸಿರು ಹುಲ್ಲು, ಬಹುತೇಕ ಕಡೆ ಬೇಲಿಯೂ ಇಲ್ಲ. ಹುಲ್ಲಿನ ಅಂಚಿನ ಕೆಳಗೆ ಬಂಡೆ ಇದೆಯೋ ಬರೀ ಗಾಳಿ ಇದೆಯೋ ಮೇಲೆ ನಿಂತವರಿಗೆ ತಿಳಿಯುವುದಿಲ್ಲ.

ಹಾಗಾಗಿ ಆಟಕ್ಕೆ ಮೊದಲು ಒಂದು ಕೆಲಸ ಮಾಡಿ. ಎದೆ ಝಲ್ಲೆಂದಾಗ ನಮ್ಮ ಬಾಯಿಂದ ಬರುವುದು ಕನ್ನಡವೇ, ಎಷ್ಟು ವರ್ಷ ಪರದೇಶದಲ್ಲಿದ್ದರೂ. ಆ ಪದ ಮಗುವಿನ ಕಾಲಿಗೆ ನೇರ ತಲುಪಬೇಕು, ತಲೆಯೊಳಗೆ ಅನುವಾದವಾಗಿ ಅಲ್ಲ. "ಹುಷಾರು", "ನಿಧಾನ" ಎಂಬುವನ್ನು ದಿನಕ್ಕೆ ನೂರು ಸಲ ಹೇಳಿ ನಾವೇ ಸವೆಸಿದ್ದೇವೆ. "ನಿಲ್ಲು" ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ರಸ್ತೆಯಿಂದ ದೂರದ ಹುಲ್ಲಿನಲ್ಲಿ ಮಕ್ಕಳನ್ನು ಓಡಲು ಬಿಟ್ಟು, "ನಿಲ್ಲು" ಎಂದ ತಕ್ಷಣ ಕಲ್ಲಿನಂತೆ ನಿಲ್ಲುವ ಆಟ ಆಡಿಸಿ. ನಾಲ್ಕೈದು ಸಲ ಆದ ಮೇಲೆ ಹತ್ತಲು ಶುರು ಮಾಡಿ. ಐದು ವರ್ಷದೊಳಗಿನವರ ಕೈ ಮಾತ್ರ ಬಿಡಲೇಬೇಡಿ, ಯಾವ ಆಟವಿದ್ದರೂ.

ಇನ್ನೊಂದು ಗಮನಿಸಿ. ನಮ್ಮ ಕರಾವಳಿಯಲ್ಲಿ ಕಡಲು ಎಂದರೆ ಪಡುವಣ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಸೂರ್ಯ ನೀರಿಗಿಳಿಯುವುದನ್ನು ನೋಡಿ ಬಂದ ಮಕ್ಕಳಿಗೆ ಇಲ್ಲಿ ಕಡಲು ದಕ್ಷಿಣಕ್ಕೆ, ಅಂದರೆ ತೆಂಕು ದಿಕ್ಕಿಗೆ, ಇರುವುದೇ ಸೋಜಿಗ. ತೆಂಕುತಿಟ್ಟು, ಬಡಗುತಿಟ್ಟು ಎಂದು ಯಕ್ಷಗಾನದಲ್ಲಿ ಹೇಳುತ್ತೇವಲ್ಲ, ಅದೇ ತೆಂಕು. ಫೋನಿನ ಜಿಪಿಎಸ್ ಬಯಲಿನಲ್ಲೂ ಮೂರರಿಂದ ಐದು ಮೀಟರ್ ಆಚೀಚೆ ಆಗುವುದು ಮಾಮೂಲಿ, ಬಂಡೆಯಂಚಿನಲ್ಲಿ ಅದು ಸಣ್ಣ ಅಂತರವಲ್ಲ. ನಮ್ಮ ಮನೆಯ ಕಾನೂನು: ಬಾಣ ತೆಂಕು ಕಡೆ ತಿರುಗಿದರೆ ಆ ಡಬ್ಬಿ ನಮ್ಮದಲ್ಲ. ಹೊರಡುವ ಮೊದಲೇ ಆ್ಯಪ್‌ನಲ್ಲಿ ದಾರಿಯಿಂದ ಒಳನಾಡಿನ ಕಡೆಗಿರುವ, ದಾರಿಯ ಕಷ್ಟಕ್ಕೆ ಐದರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ಇಲ್ಲದ ಡಬ್ಬಿಯನ್ನೇ ಆರಿಸಿಕೊಳ್ಳಿ. ಇತ್ತೀಚೆಗೆ ಯಾರಿಗಾದರೂ ಸಿಕ್ಕಿದೆಯೇ ಎಂದೂ ನೋಡಿ, ಇಲ್ಲದಿದ್ದರೆ ಕಳೆದುಹೋದ ಡಬ್ಬಿಗಾಗಿ ಗಂಟೆಗಟ್ಟಲೆ ತಡಕಾಡುತ್ತೀರಿ.

ಹುಡುಕುವಾಗ ಫೋನು ಮಗುವಿನ ಕೈಯಲ್ಲಿರಲಿ, ನೀವು ಅದರತ್ತ ನೋಡಬೇಡಿ. ಮಗು ಹೇಳಿದಂತೆ ನಡೆಯುವುದಷ್ಟೇ ನಿಮ್ಮ ಕೆಲಸ, ಕನ್ನಡದಲ್ಲಿ ಹೇಳಿದರೆ ಮಾತ್ರ. ಎಲ್ಲ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಮ್ಮ ಎಂಟು ವರ್ಷದ ಮಗ ಆವತ್ತು ಹೀಗೆ ಶುರು ಮಾಡಿದ: "ಅಪ್ಪಾ, ಮುಂದೆ... ಅಲ್ಲ, ಹಿಂದೆ. ಆ ಮುಳ್ಳಿಂದು... ಏನದು?"

"ಪೊದೆ."

"ಹಾಂ, ಪೊದೆ ಹತ್ರ! ಬಗ್ಗು! ಇನ್ನೂ ಬಗ್ಗು!"

ಅಪ್ಪನಿಗೆ ಬಗ್ಗು ಎಂದು ಅಪ್ಪಣೆ ಕೊಡುವ ಭಾಗ್ಯ ಯಾವ ಮಗುವಿಗೆ ದಿನಾ ಸಿಗುತ್ತದೆ? ಬುಡ, ಸಂದು, ಏರು, ಇಳಿಜಾರು ಎಲ್ಲ ಅರ್ಧ ಗಂಟೆಯಲ್ಲಿ ಬೇಕಾಗಿ ಬಂದವು. ಬೇಕಾದಾಗ ಕೇಳಿ ಪಡೆದ ಪದ ಉಳಿಯುತ್ತದೆ. ಆ ವಾರವೆಲ್ಲ ನಮ್ಮ ಹಿತ್ತಿಲಿನ ಗುಲಾಬಿ ಗಿಡವೂ ಪೊದೆಯೇ ಆಗಿತ್ತು. ಡಬ್ಬಿ ಎಲ್ಲಿತ್ತು ಎಂದು ಮಾತ್ರ ಹೇಳಲಾರೆ, ಮುಂದೆ ಹುಡುಕುವವರ ಹೊಟ್ಟೆಗೆ ಹೊಡೆದಂತಾಗುತ್ತದೆ.

ಚೀಟಿಯಲ್ಲಿ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಸಿ. ಗಾಳಿಗೆ ಚೀಟಿ ಹಾರದಂತೆ ಹಿಡಿದು ಬರೆಯುವುದು ದೊಡ್ಡ ಸಾಹಸವೇ. ಡಬ್ಬಿಯಲ್ಲಿನ ಆಟಿಕೆ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಇಡಬೇಕು. ತಿಂಡಿ ಇಡಬಾರದು, ಪ್ರಾಣಿಗಳು ಕಿತ್ತುಹಾಕುತ್ತವೆ. ನಾವು ಒಂದು ಪುಟ್ಟ ಚನ್ನಪಟ್ಟಣದ ಬುಗುರಿ ಇಟ್ಟು ಬಂದೆವು.

ಲಂಡನ್ ವಿಕ್ಟೋರಿಯಾದಿಂದ ಈಸ್ಟ್‌ಬೋರ್ನ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಬರ್ಲಿಂಗ್ ಗ್ಯಾಪ್‌ಗೆ ಬಸ್ಸಿನ ವೇಳೆ ಮೊದಲೇ ನೋಡಿಕೊಳ್ಳಿ, ಎಲ್ಲ ಕಾಲದಲ್ಲೂ ಒಂದೇ ರೀತಿ ಇರುವುದಿಲ್ಲ. ಮೆಟ್ಟಿಲು ತೆರೆದಿದ್ದರೆ ಕೆಳಗಿನ ದಂಡೆಗೂ ಇಳಿಯಬಹುದು, ಆದರೆ ಉಬ್ಬರದ ವೇಳೆ ತಿಳಿದುಕೊಂಡೇ ಇಳಿಯಿರಿ, ಬಂಡೆಯ ಬುಡದಲ್ಲಿ ಬುತ್ತಿ ಬಿಚ್ಚಿ ಕೂರಬೇಡಿ. ಚಿತ್ರಾನ್ನ ಮೇಲೆ ಹುಲ್ಲಿನ ಮೇಲೇ ಆಗಲಿ, ರಸ್ತೆಯ ಕಡೆಗೆ ಸರಿದು. ಪೆನ್ನು ಮರೆಯಬೇಡಿ, ಡಬ್ಬಿಯಲ್ಲಿದ್ದರೂ ಅದು ಬರೆಯುವುದು ಅಪರೂಪ.