ನಡುಕ ಪೂರ್ತಿ ಹೋಗಲ್ಲ ಸಾರ್

ಅಪ್ಪನ ಯೆಜ್ಡಿ ರೋಡ್‌ಕಿಂಗ್ ನನಗಿಂತ ದೊಡ್ಡದು, ವಯಸ್ಸಿನಲ್ಲಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಹುಟ್ಟಿದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಮಾತ್ರ ನಮ್ಮನೆಯಲ್ಲಿ ಉಳಿಯಿತು.

ಕೆಲಸ ಸಿಕ್ಕ ಹೊಸದರಲ್ಲಿ ಅಪ್ಪನಿಗೆ ಸರ್‌ಪ್ರೈಸ್ ಕೊಡಬೇಕು ಅಂತ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಅದರ ಎಂಜಿನ್ ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದೆ. ಅಪ್ಪ ಆರು ತಿಂಗಳು ಓಡಿಸಿದರು. ಆಮೇಲೆ ಬಸ್ಸು ಹಿಡಿಯೋಕೆ ಶುರು ಮಾಡಿದರು. ಕೇಳಿದರೆ, "ಟ್ರಾಫಿಕ್ ಜಾಸ್ತಿ ಕಣೋ."

ಹೋದ ವರ್ಷ ಊರಿಗೆ ಹೋದಾಗ ನಾನೇ ನಂಜನಗೂಡಿಗೆ ತಗೊಂಡು ಹೋದೆ. ಸ್ಪೀಡು ಐವತ್ತು ದಾಟಿದ್ದೇ ತಡ, ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಂಡಿತು. ಇಳಿಯುವಾಗ ಬೆರಳುಗಳೆಲ್ಲ ಜೋಮು. ಮನೆಗೆ ಬಂದು ಹೇಳಿದಾಗ ಅಮ್ಮ ಬಾಯಿಬಿಟ್ಟಳು: "ನಿಮ್ಮಪ್ಪಂಗೂ ಹಿಂಗೇ ಆಗ್ತಿತ್ತು. ನೀನು ಪ್ರೀತಿಯಿಂದ ಮಾಡಿಸಿದ್ದು ಅಂತ ಹೇಳಲಿಲ್ಲ."

ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. "ಎಷ್ಟಾದರೂ ಆಗಲಿ, ನಡುಕ ಪೂರ್ತಿ ತೆಗೆದುಬಿಡಿ" ಅಂದೆ. ಅವರು ನಕ್ಕರು. "ಒಂದೇ ಪಿಸ್ಟನ್ ಇರೋ ಗಾಡಿ. ಪೂರ್ತಿ ಹೋಗಲ್ಲ ಸಾರ್."

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಪಾಠ ಆಗ ನೆನಪಾಯಿತು. ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಅದಕ್ಕೆ ಎದುರಾಗಿ ಕ್ರ್ಯಾಂಕಿನ ಇನ್ನೊಂದು ಬದಿಗೆ ತೂಕ ಇಟ್ಟಿರುತ್ತಾರೆ. ಆದರೆ ಆ ತೂಕ ಓಡುವುದು ಗುಂಡಗೆ. ಪಿಸ್ಟನ್ನಿನ ಪೂರ್ತಿ ತೂಕಕ್ಕೆ ಸರಿದೂಗಿಸಿದರೆ, ಮೇಲೆ ಕೆಳಗಿನ ನಡುಕ ಬಹುಪಾಲು ಹೋಗಿ, ಅಷ್ಟೇ ನಡುಕ ಹಿಂದೆ ಮುಂದೆ ಶುರುವಾಗುತ್ತದೆ. ಅದಕ್ಕೇ ಸುಮಾರು ಅರ್ಧದಷ್ಟಕ್ಕೆ ಸರಿದೂಗಿಸಿ, ಮಿಕ್ಕಿದ್ದನ್ನು ಸಹಿಸಿಕೊಳ್ಳುತ್ತಾರೆ. ಬ್ಯಾಲೆನ್ಸ್ ಫ್ಯಾಕ್ಟರ್ ಅಂದರೆ ಇಷ್ಟೇ.

ಎಂಜಿನ್ ಬಿಚ್ಚಿದೆವು. ಹಳೇ ಪಿಸ್ಟನ್ನನ್ನು ಅಪ್ಪ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಅಮ್ಮನ ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ಪಿನ್ನು, ರಿಂಗು ಸಮೇತ ತೂಗಿದೆ. ನಾನು ಹಾಕಿಸಿದ್ದು 38 ಗ್ರಾಂ ಹೆಚ್ಚು! ಸಾಲದ್ದಕ್ಕೆ ಕ್ರ್ಯಾಂಕಿನ ಶಾಫ್ಟು 0.12 ಮಿ.ಮೀ. ಓಲಾಡುತ್ತಿತ್ತು.

"ಕ್ರ್ಯಾಂಕಿಗೆ ತೂತು ಕೊರೆದು ತೂಕ ಸರಿ ಮಾಡೋಣ್ವಾ?" ಅಂದೆ. "ಬೇಡ ಸಾರ್. ಟೂ ಸ್ಟ್ರೋಕಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ತೂತು ಹಾಕ್ದಷ್ಟೂ ಒಳಗೆ ಜಾಗ ಜಾಸ್ತಿ, ಪ್ರೆಶರ್ ಕಮ್ಮಿ. ಹಗುರ ಪಿಸ್ಟನ್ ಹುಡುಕಿ" ಅಂದರು.

ಬ್ಯಾಗಿನಲ್ಲಿ ತಕ್ಕಡಿ ಇಟ್ಟುಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿ ಸುತ್ತಿದೆ. ಅಂಗಡಿಯವರು "ತರಕಾರಿ ತಗೋತೀರಾ ಸಾರ್?" ಅಂತ ನಕ್ಕರು. ನಾಲ್ಕನೇ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು, ಹಳೆಯದಕ್ಕಿಂತ ನಾಲ್ಕೇ ಗ್ರಾಂ ಹೆಚ್ಚು. ಅಷ್ಟರಲ್ಲಿ ಮೇಸ್ತ್ರಿ ಡಯಲ್ ಗೇಜ್ ಇಟ್ಟು, ತಾಮ್ರದ ಸುತ್ತಿಗೆಯಲ್ಲಿ ಒಂದೊಂದೇ ಪೆಟ್ಟು ಕೊಟ್ಟು ಕ್ರ್ಯಾಂಕನ್ನು 0.03ಕ್ಕೆ ತಂದಿದ್ದರು.

ಗಾಡಿ ಮನೆಗೆ ಬಂದ ಭಾನುವಾರ ಅಪ್ಪ ಒಬ್ಬರೇ ಹೊರಟರು. ಮುಕ್ಕಾಲು ಗಂಟೆ ಕಳೆದು ಬಂದರು. "ನಡುಗತ್ತೆ. ಆದ್ರೆ ಕೈಗೆ ಹತ್ತಲ್ಲ" ಅಂದರು.

"ಅವತ್ತೇ ಯಾಕೆ ಹೇಳ್ಲಿಲ್ಲ ಅಪ್ಪ?"

ಗಾಡಿಗೆ ಸ್ಟ್ಯಾಂಡ್ ಹಾಕುತ್ತಾ ಅಂದರು: "ಎಷ್ಟು ಖರ್ಚಾಯ್ತು ಅಂತ ಹೇಳ್ದೆ. ಓಡ್ಸೋಕೆ ಹೆಂಗಿದೆ ಅಂತ ಕೇಳಲೇ ಇಲ್ವಲ್ಲೋ."

ಈಗ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತೇನೆ. ಅಪ್ಪ "ಚೆನ್ನಾಗಿದೆ" ಅಂದರೆ ಅಲ್ಲಿಗೇ ಬಿಡುವುದಿಲ್ಲ. ಕೈ ಹೇಗಿದೆ, ಎಲ್ಲಿಗೆ ಹೋಗಿದ್ರಿ, ಎಷ್ಟು ಸ್ಪೀಡಲ್ಲಿ ನಡುಗತ್ತೆ ಅಂತ ಇನ್ನೊಂದೆರಡು ಪ್ರಶ್ನೆ ಕೇಳಿಯೇ ಇಡುತ್ತೇನೆ.